ಹಳೆಯ ಗಡಿಯಾರದ ಹೊಸ ಮುಖ

(ಪುಸ್ತಕಪ್ರಿಯರ ಕೂಟವೊಂದರಲ್ಲಿ, ಹಳೆಯ ವಸ್ತುಗಳ ಮಾರಾಟ ಕುರಿತು ಆಡಿದ ಮಾತುಗಳ ಬರಹರೂಪ)



ಭಾನುವಾರ ಬೆಳಿಗ್ಗೆ ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆ ಹೋದವರಿಗೆ ಸಂಡೇ ಬಜಾರ್ ಗೊತ್ತಿರುತ್ತದೆ. ವಾರವೆಲ್ಲ ವ್ಯಾಪಾರ ನಡೆಸುವ ಅಂಗಡಿಗಳು ಅಂದು ಬಾಗಿಲು ಹಾಕಿರುತ್ತವೆ. ಆ ಮುಚ್ಚಿದ ಬಾಗಿಲುಗಳ ಮುಂದೆ, ನೆಲದ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿ, ಬೇರೆಯೇ ಒಂದು ಅಂಗಡಿ ತೆರೆದುಕೊಳ್ಳುತ್ತದೆ. ಕೊಳಾಯಿಯ ತಿರುಪು, ಒಂಟಿ ಬೂಟು, ಮಾತಾಡದ ಟೆಲಿಫೋನು, ಯಾರದೋ ಮದುವೆಯ ಹೆಸರು ಕೆತ್ತಿಸಿದ ಹಿತ್ತಾಳೆ ತಂಬಿಗೆ, ಅದರ ಪಕ್ಕದಲ್ಲಿ ಒಂದು ಬುಟ್ಟಿ ತುಂಬ ಕೈಗಡಿಯಾರಗಳು. ಮುಂಬಯಿಯ ಚೋರ್ ಬಜಾರ್, ಹೈದರಾಬಾದಿನ ಜುಮೇರಾತ್ ಬಜಾರ್, ಚೆಟ್ಟಿನಾಡಿನ ಕಾರೈಕುಡಿಯ ಹಳೇ ಸಾಮಾನಿನ ಅಂಗಡಿಗಳು ಇವೆಲ್ಲ ಇದರ ಬಂಧುಗಳೇ.

ಈಚಿನ ವರ್ಷಗಳಲ್ಲಿ ಈ ಸಂತೆಗಳಲ್ಲಿ ಹೊಸ ಬಗೆಯ ಗಿರಾಕಿಯೊಬ್ಬ ಕಾಣಿಸಿಕೊಂಡಿದ್ದಾನೆ. ಅವನು ಬೆಳಕು ಹರಿಯುವ ಮೊದಲೇ ಬರುತ್ತಾನೆ. ಜೇಬಿನಲ್ಲಿ ಒಂದು ಭೂತಗನ್ನಡಿ, ಕೈಯಲ್ಲಿ ಮೊಬೈಲು. ಬುಟ್ಟಿಯಿಂದ ನಾಲ್ಕು ಗಡಿಯಾರ ಆರಿಸಿಕೊಂಡು ಹೋಗುತ್ತಾನೆ. ವಾರ ಕಳೆಯುವುದರೊಳಗೆ ಅವು ಅಂತರ್ಜಾಲದಲ್ಲಿ, ಚೆಂದದ ಛಾಯಾಚಿತ್ರಗಳ ಜೊತೆಯಲ್ಲಿ, ಹಲವು ಪಟ್ಟು ಬೆಲೆಗೆ ಮಾರಾಟಕ್ಕೆ ನಿಂತಿರುತ್ತವೆ. ಹೀಗೆ ಹಳೆಯದನ್ನು ಹುಡುಕಿ ತಂದು ಮತ್ತೆ ಮಾರುವ ಕಸುಬು ಎಂಥದು, ಅದರಲ್ಲಿ ನ್ಯಾಯ ಎಲ್ಲಿದೆ, ಮೋಸ ಎಲ್ಲಿ ಹೊಕ್ಕಿತು ಎಂಬುದನ್ನು ಒಂದೇ ಒಂದು ವಸ್ತುವಿನ ಕಥೆಯ ಮೂಲಕ ಹೇಳಲು ಇಂದು ಪ್ರಯತ್ನಿಸುತ್ತೇನೆ. ಆ ವಸ್ತು ನಿಮ್ಮೆಲ್ಲರ ಮನೆಯಲ್ಲೂ ಒಂದಲ್ಲ ಒಂದು ಕಾಲಕ್ಕೆ ಇದ್ದದ್ದೇ. ಎಚ್‌ಎಂಟಿ ಕೈಗಡಿಯಾರ.

ತೂಕದ ಬೆಲೆ, ಹೆಸರಿನ ಬೆಲೆ

ಮೊದಲು ಒಂದು ಮಾತು. ಹಳೆಯದನ್ನು ಮಾರುವುದು ನಮಗೆ ಹೊಸದೇನಲ್ಲ. ಹಳೆಯ ಸೀರೆಗಳನ್ನು ಕೊಟ್ಟು ಸ್ಟೀಲಿನ ಪಾತ್ರೆ ಕೊಂಡ ತಾಯಂದಿರನ್ನು ನಾವೆಲ್ಲ ನೋಡಿದ್ದೇವೆ. ಹಳೇ ಪೇಪರ್, ಹಳೇ ಕಬ್ಬಿಣ ಎಂದು ಕೂಗುತ್ತ ಬರುವವನ ತಕ್ಕಡಿಯ ಬಗ್ಗೆ ಪ್ರತಿ ಮನೆಯಲ್ಲೂ ಒಂದು ಅನುಮಾನ ಇದ್ದೇ ಇತ್ತು. ಆದರೆ ಆ ವ್ಯಾಪಾರದಲ್ಲಿ ವಸ್ತುವಿಗೆ ಹೆಸರಿರಲಿಲ್ಲ. ಅಜ್ಜಿಯ ಹಂಡೆ ಗುಜರಿಯವನ ಪಾಲಿಗೆ ಇಷ್ಟು ಕಿಲೋ ತಾಮ್ರ. ಅವನು ಕೊಡುತ್ತಿದ್ದದ್ದು ತೂಕದ ಬೆಲೆ.

ಅದೇ ಹಂಡೆಯನ್ನು ಒಬ್ಬ ತಿಳಿದವನು ನೋಡಿ, ಇದು ಎರಕವಲ್ಲ, ಬಡಿದು ಮಾಡಿದ್ದು, ಇಂಥ ಕಡೆಯ ಕೆಲಸ ಎಂದು ಗುರುತಿಸಿದರೆ, ಆ ಕ್ಷಣವೇ ಅದು ತಕ್ಕಡಿಯಿಂದ ಇಳಿದುಬಿಡುತ್ತದೆ. ಅದಕ್ಕೆ ಹೆಸರು ಬರುತ್ತದೆ. ಹೆಸರಿನ ಜೊತೆಗೆ ಬೆಲೆಯೂ ಬರುತ್ತದೆ. ತೂಕದ ಬೆಲೆಗೂ ಹೆಸರಿನ ಬೆಲೆಗೂ ನಡುವೆ ಇರುವ ಅಂತರವೇ ಮರುಮಾರಾಟಗಾರನ ಅನ್ನ. ಅಂದರೆ ಅವನು ಮಾರುವುದು ನಿಜವಾಗಿ ವಸ್ತುವನ್ನಲ್ಲ, ವಸ್ತುವಿನ ಬಗೆಗಿನ ತಿಳಿವನ್ನು. ಆದ್ದರಿಂದ ಅವನ ಮಾತು ಸುಳ್ಳಾದರೆ ಅವನ ಸರಕೇ ಸುಳ್ಳಾದಂತೆ.

ಈ ಅಪಾಯ ನಮ್ಮ ಹಿಂದಿನವರಿಗೂ ಗೊತ್ತಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಮಾರುಕಟ್ಟೆಯ ಅಧಿಕಾರಿಗೆ ವಿಧಿಸಿದ ಕೆಲಸಗಳಲ್ಲಿ ಮೊದಲನೆಯದೇ ಹಳೆಯ ಸಾಮಾನುಗಳದು. ಮಾರುವವನು ಅದು ತನ್ನದೇ ಎಂದು ತೋರಿಸಿಕೊಟ್ಟ ಮೇಲೆ ಮಾತ್ರ ಹಳೆಯ ವಸ್ತುವಿನ ಮಾರಾಟಕ್ಕೆ, ಒತ್ತೆಗೆ ಅವಕಾಶ ಕೊಡಬೇಕು ಎಂಬುದು ಅದರ ತಾತ್ಪರ್ಯ. ಹೊಸ ಸರಕಿಗೆ ಅದನ್ನು ಮಾಡಿದವನು ಸಾಕ್ಷಿ, ಹಳೆಯದಕ್ಕೆ ಮಾರುವವನ ಮಾತೇ ಸಾಕ್ಷಿ ಎಂಬ ವಿವೇಕ ಇದರ ಹಿಂದೆ ಇದೆ. ಇನ್ನೊಂದು ಸ್ವಾರಸ್ಯ ನೋಡಿ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥವೇ ಒಂದು ‘ಸಿಕ್ಕಿದ ಹಳೆಯ ವಸ್ತು’. ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸಿದ ಹಸ್ತಪ್ರತಿಯಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಗುರುತಿಸುವ ಕಣ್ಣು ಇಲ್ಲದಿದ್ದರೆ ಅದೂ ಒಂದು ಕಟ್ಟು ಹಳೆಯ ಓಲೆಗರಿಯಾಗಿಯೇ ಉಳಿಯುತ್ತಿತ್ತು.

ಜನತಾ, ಪೈಲಟ್, ಕೊಹಿನೂರ್

ಈಗ ಗಡಿಯಾರಕ್ಕೆ ಬರೋಣ. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ್ದು, ಹೆಸರೇ ಹೇಳುವಂತೆ, ಯಂತ್ರಗಳನ್ನು ಮಾಡುವ ಯಂತ್ರಗಳಿಗಾಗಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಅದು ಕೈಗಡಿಯಾರಗಳ ತಯಾರಿಕೆಗೆ ತೊಡಗಿತು. ಅದಕ್ಕೆ ಮೊದಲು ಕೈಗಡಿಯಾರವೆಂದರೆ ಬಹುಮಟ್ಟಿಗೆ ಸ್ವಿಟ್ಜರ್‌ಲೆಂಡಿನಿಂದ ಬಂದದ್ದು. ವೆಸ್ಟ್ ಎಂಡ್, ಫಾವ್ರೆ ಲ್ಯೂಬಾ ಇಂಥ ಹೆಸರುಗಳು. ಸಾಮಾನ್ಯ ನೌಕರನ ಮಣಿಕಟ್ಟಿಗೆ ಗಡಿಯಾರ ಬಂದದ್ದು ಎಚ್‌ಎಂಟಿಯಿಂದ. ಜನತಾ, ಪೈಲಟ್, ಜವಾನ್, ಕೊಹಿನೂರ್, ಸೋನಾ, ಹೆಂಗಸರಿಗೆ ಸುಜಾತಾ, ನೂತನ್ ಹೀಗೆ ಒಂದೊಂದಕ್ಕೂ ಒಂದೊಂದು ಹೆಸರು. ಅಂಧರು ಮುಟ್ಟಿ ವೇಳೆ ತಿಳಿಯುವ ಬ್ರೈಲ್ ಗಡಿಯಾರವೂ ಇತ್ತು. ಬೆಂಗಳೂರಿನ ಜೊತೆಗೆ ಶ್ರೀನಗರ, ತುಮಕೂರು, ಈಗಿನ ಉತ್ತರಾಖಂಡದ ರಾಣಿಬಾಗ್‌ಗಳಲ್ಲಿ ಕಾರ್ಖಾನೆಗಳು ಎದ್ದವು. ಮದುಮಗನಿಗೆ ಎಚ್‌ಎಂಟಿ, ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಎಚ್‌ಎಂಟಿ, ನಿವೃತ್ತನಾದವನಿಗೂ ಹಾರದ ಜೊತೆ ಎಚ್‌ಎಂಟಿ.

ಅದರೊಳಗಿನ ಯಂತ್ರ ಸರಳ, ಗಟ್ಟಿ. ಕೀ ಕೊಟ್ಟಾಗ ಒಂದು ಸುರುಳಿ ಸ್ಪ್ರಿಂಗು ಬಿಗಿಯುತ್ತದೆ. ಅದು ನಿಧಾನವಾಗಿ ಬಿಚ್ಚಿಕೊಳ್ಳುವ ಶಕ್ತಿ ಹಲ್ಲುಗಾಲಿಗಳ ಮೂಲಕ ಹರಿದು ಒಂದು ಪುಟ್ಟ ಚಕ್ರವನ್ನು ಅತ್ತಿತ್ತ ತೂಗಿಸುತ್ತದೆ. ಜನತಾದ ಯಂತ್ರ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಡಯಲಿನ ಮೇಲೆ ಬರೆದಿರುವ ‘17 ಜ್ಯುವೆಲ್ಸ್’ ಎಂಬುದು ಒಡವೆಯ ರತ್ನಗಳಲ್ಲ. ತಿರುಗುವ ಅಚ್ಚುಗಳು ಸವೆಯದಿರಲೆಂದು ಅವುಗಳ ತುದಿಗೆ ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳು. ಈ ಯಂತ್ರಕ್ಕೆ ಎಣ್ಣೆ ಹಾಕಿ, ಧೂಳು ತೆಗೆದು ನೋಡಿಕೊಂಡರೆ ಐವತ್ತು ವರ್ಷವಾದರೂ ನಡೆಯುತ್ತದೆ. ಮರುಮಾರಾಟದ ಕಥೆ ಸಾಧ್ಯವಾದದ್ದೇ ಇದರಿಂದ. ಕೆಟ್ಟರೆ ಎಸೆಯಬೇಕಾದ ವಸ್ತುವಿಗೆ ಹಳೆಯ ಸಂತೆ ಇರುವುದಿಲ್ಲ.

1980ರ ದಶಕದ ಕೊನೆಗೆ ಟೈಟನ್ನಿನ ಬ್ಯಾಟರಿ ಗಡಿಯಾರಗಳು ಬಂದವು. ಕೀ ಕೊಡುವ ಗಡಿಯಾರ ಅಪ್ಪನ ಕಾಲದ್ದಾಯಿತು, ಆಮೇಲೆ ಪೆಟ್ಟಿಗೆಯ ತಳಕ್ಕೆ ಹೋಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿಯ ವಸ್ತುಸಂಗ್ರಹಾಲಯ ತೆರೆಯಿತು. ಮುಚ್ಚುವ ಸುದ್ದಿ ಹಬ್ಬುತ್ತಿದ್ದಂತೆಯೇ ಜನ ಎಚ್‌ಎಂಟಿ ಕೊಳ್ಳಲು ಮುಗಿಬಿದ್ದರು. ಇರುವಾಗ ಬೇಡವಾದದ್ದು ಹೋಗುವಾಗ ಬೇಕಾಗುವುದು ಲೋಕದ ರೂಢಿ.

ಸಂತೆಯಿಂದ ಜಾಲಕ್ಕೆ

ಅಷ್ಟು ಹೊತ್ತಿಗೆ ಮಾರುವ ದಾರಿಯೂ ಬದಲಾಗಿತ್ತು. ಅಮೆರಿಕದಲ್ಲಿ 1995ರಲ್ಲಿ ಶುರುವಾದ ಈಬೇ, ಯಾರು ಬೇಕಾದರೂ ತಮ್ಮ ಮನೆಯ ಹಳೆಯ ವಸ್ತುವನ್ನು ಅಪರಿಚಿತರ ಮುಂದೆ ಹರಾಜಿಗಿಡಬಹುದು ಎಂದು ತೋರಿಸಿತು. ಭಾರತದಲ್ಲಿ ಅದೇ ಮಾದರಿಯಲ್ಲಿ ಬೆಳೆದಿದ್ದ ಬಾಜಿ ಡಾಟ್ ಕಾಮನ್ನು ಈಬೇ 2004ರಲ್ಲಿ ಕೊಂಡಿತು. ಈಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಆದರೆ ಅಷ್ಟರಲ್ಲಿ ಓಎಲ್‌ಎಕ್ಸ್, ಕ್ವಿಕರ್, ಫೇಸ್‌ಬುಕ್ಕುಗಳು ಬಂದಿದ್ದವು.

ಸಂತೆಯಲ್ಲಿ ವಸ್ತು ಎದುರಿಗಿರುತ್ತದೆ, ಮಾರುವವನು ಏನೂ ಹೇಳಬೇಕಾಗಿಲ್ಲ. ಕೊಳ್ಳುವವನು ಗಡಿಯಾರವನ್ನು ಕಿವಿಗಿಟ್ಟುಕೊಳ್ಳುತ್ತಾನೆ, ಕೀ ತಿರುಗಿಸಿ ನೋಡುತ್ತಾನೆ, ಚೌಕಾಸಿ ಮಾಡುತ್ತಾನೆ. ಜಾಲದಲ್ಲಿ ಇರುವುದು ಚಿತ್ರ ಮತ್ತು ಮಾತು ಎರಡೇ. ಪರಊರಿನವನು, ಪರದೇಶದವನು ಆ ಎರಡನ್ನು ನಂಬಿ ಹಣ ಕಳಿಸುತ್ತಾನೆ. ಒಳ್ಳೆಯ ಮಾರಾಟಗಾರನ ದುಡಿಮೆ ಇಲ್ಲಿದೆ. ಹತ್ತು ಗಡಿಯಾರದಲ್ಲಿ ನಡೆಯಬಲ್ಲ ಮೂರನ್ನು ಆರಿಸಬೇಕು. ರಿಪೇರಿಯವರ ಬಳಿ ಒಯ್ದು ಬಿಚ್ಚಿ ತೊಳೆಸಿ ಎಣ್ಣೆ ಹಾಕಿಸಬೇಕು. ದಿನಕ್ಕೆ ಎಷ್ಟು ಮುಂದೆ ಓಡುತ್ತದೆ, ಎಷ್ಟು ಹಿಂದೆ ಬೀಳುತ್ತದೆ ನೋಡಬೇಕು. ಒಳಗಿನ ಯಂತ್ರವನ್ನೂ ಸೇರಿಸಿ ಎಲ್ಲ ಮಗ್ಗುಲಿನ ಚಿತ್ರ ತೆಗೆಯಬೇಕು. ಹಾಳಾಗದಂತೆ ಕಟ್ಟಿ ಕಳಿಸಬೇಕು. ನೂರಕ್ಕೆ ಕೊಂಡು ಸಾವಿರಕ್ಕೆ ಮಾರಿದ ಎಂದು ನಾವು ಹುಬ್ಬೇರಿಸುವಾಗ ಈ ಮೈಗೆಲಸ, ಮಾರಾಟವಾಗದೆ ಉಳಿದ ಏಳು ಗಡಿಯಾರಗಳ ನಷ್ಟ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಣ್ಣ ಬಳಿದ ಮುಖ

ಇನ್ನು ಮೋಸದ ವಿಚಾರ. ಎಚ್‌ಎಂಟಿ ಗಡಿಯಾರಗಳ ಜಾಲದ ಮಾರಾಟದಲ್ಲಿ ಎಷ್ಟೋ ಗಡಿಯಾರಗಳ ಡಯಲು ಮೂಲದ್ದಲ್ಲ. ಹಳೆಯ ಬಣ್ಣವನ್ನು ಕೆರೆದು, ಅದೇ ತಗಡಿನ ಮೇಲೆ ಹೊಸ ಬಣ್ಣ ಬಳಿದು, ಹೆಸರು, ಅಂಕಿ, ಗೆರೆಗಳನ್ನು ಮತ್ತೆ ಮುದ್ರಿಸಿರುತ್ತಾರೆ. ಕಾರ್ಖಾನೆ ಎಂದೂ ಮಾಡದ ಕಿತ್ತಳೆ, ನೇರಳೆ ಬಣ್ಣದ ಪೈಲಟ್‌ಗಳು ಹೀಗೆ ಹುಟ್ಟಿವೆ. ಒಂದರ ಕೇಸು, ಇನ್ನೊಂದರ ಮುಳ್ಳು, ಮತ್ತೊಂದರ ಯಂತ್ರ ಕೂಡಿಸಿದ ಗಡಿಯಾರಗಳೂ ಉಂಟು. ಇಂಥವಕ್ಕೆ ಹೊರದೇಶದ ಸಂಗ್ರಾಹಕರು ‘ಮುಂಬೈ ಸ್ಪೆಷಲ್’ ಎಂದು ಹೆಸರಿಟ್ಟಿದ್ದಾರೆ. ಅದು ಹೊಗಳಿಕೆಯಲ್ಲ.

ಆದರೆ ಇದು ಮೋಸದಿಂದ ಹುಟ್ಟಿದ ಕಸುಬಲ್ಲ ಎಂಬುದನ್ನೂ ಹೇಳಬೇಕು. ಗಡಿಯಾರ ಕಟ್ಟುವವನಿಗೆ ಅದು ವೇಳೆ ನೋಡುವ ಸಾಧನ. ಡಯಲು ಮಸುಕಾದರೆ ಅಂಕಿ ಕಾಣುವಂತೆ ಹೊಸ ಬಣ್ಣ ಹಾಕಿಸುವುದು ಪಾತ್ರೆಗೆ ಕಲಾಯಿ ಹಾಕಿಸಿದಷ್ಟೇ ಸಹಜ. ಕಲಾಯಿಯವನನ್ನು ಯಾರೂ ಮೋಸಗಾರ ಎನ್ನುವುದಿಲ್ಲ. ಹೊಸ ಬಣ್ಣ ಬಳಿದದ್ದನ್ನು ‘ಐವತ್ತು ವರ್ಷದಿಂದ ಮುಟ್ಟದೆ ಉಳಿದದ್ದು’ ಎಂದು ಬರೆದ ದಿನ ಅದು ಮೋಸವಾಯಿತು. ಕೆಲಸ ಒಂದೇ, ಮಾತು ಬೇರೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ತಂದೆಯವರದೊಂದು ಜನತಾ ಇತ್ತು. ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಅದನ್ನು ತೆಗೆದು ನೋಡಿದೆ. ಬಿಳಿಯ ಡಯಲು ಹಾಲು ಕಾಯಿಸಿದಾಗ ಬರುವ ಕೆನೆಯ ಬಣ್ಣಕ್ಕೆ ತಿರುಗಿತ್ತು. ಗಾಜಿನ ಅಂಚಿನಿಂದ ಎಂದೋ ಇಳಿದ ಮಳೆನೀರು ನಾಲ್ಕರ ಅಂಕಿಯ ಹತ್ತಿರ ಕಂದು ಕಲೆಯಾಗಿ ನಿಂತಿತ್ತು. ರಿಪೇರಿಗೆ ಕೊಟ್ಟೆ. ‘ಹೊಸದರ ಹಾಗೆ ಮಾಡಿಕೊಡಲಾ ಸಾರ್?’ ಎಂದು ಅವರು ಕೇಳಿದರು. ನಾನು ಹೂಂ ಎಂದೆ. ವಾರದ ನಂತರ ತಂದು ತಾಯಿಯ ಕೈಗಿತ್ತೆ. ಅವರು ತಿರುಗಿಸಿ ನೋಡಿ, ‘ಚೆನ್ನಾಗಿದೆ. ಯಾರದಪ್ಪ ಇದು?’ ಎಂದು ಕೇಳಿದರು.

ರಿಪೇರಿಯವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅವರು ಕೇಳಿ ಮಾಡಿದರು. ಹೂಂ ಎಂದವನು ನಾನು. ಆ ಗಡಿಯಾರ ಇಂದಿಗೂ ಸರಿಯಾದ ವೇಳೆ ತೋರಿಸುತ್ತದೆ. ಆದರೆ ಯಾವ ಮಳೆಯಲ್ಲಿ ನೆನೆದಿತ್ತು ಎಂಬುದನ್ನು ಇನ್ನು ಹೇಳಲಾರದು.

ಸುಳ್ಳಿನ ಲೆಕ್ಕ

ಒಬ್ಬಿಬ್ಬರು ಸುಳ್ಳು ಹೇಳಿದರೆ ಮೋಸ ಹೋದವರಿಗೆ ಮಾತ್ರ ನಷ್ಟ ಎಂದು ನಾವು ತಿಳಿಯುತ್ತೇವೆ. ಅದು ಹಾಗಲ್ಲ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. 2001ರಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡವರಲ್ಲಿ ಅವರೊಬ್ಬರು. ಅವರ ವಾದವನ್ನು ನಮ್ಮ ಗಡಿಯಾರಕ್ಕೆ ಹೊಂದಿಸಿ ನೋಡೋಣ. ಲೆಕ್ಕಕ್ಕಾಗಿ, ಮೂಲರೂಪದ ಗಡಿಯಾರಕ್ಕೆ 3,000 ರೂಪಾಯಿ, ಬಣ್ಣ ಬಳಿದದ್ದಕ್ಕೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಸಂತೆಯಲ್ಲಿ ಎರಡೂ ಅರ್ಧರ್ಧ ಇವೆ, ಕೊಳ್ಳುವವನಿಗೆ ಗುರುತು ಹತ್ತುವುದಿಲ್ಲ. ಆಗ ಅವನು ಅಂದಾಜಿನ ಮೇಲೆ 1,750 ಕೊಡಲು ಒಪ್ಪುತ್ತಾನೆ, ಹೆಚ್ಚಿಗೆ ಕೊಡುವುದಿಲ್ಲ. ಬಣ್ಣ ಬಳಿದವನಿಗೆ ಇದು ಹಬ್ಬ. ಮೂಲದ ಗಡಿಯಾರ ಇಟ್ಟುಕೊಂಡವನು ಈ ಬೆಲೆಗೆ ಮಾರಲಾರದೆ ಅದನ್ನು ಮನೆಗೆ ಒಯ್ಯುತ್ತಾನೆ. ಮರುವಾರ ಸಂತೆಯಲ್ಲಿ ಒಳ್ಳೆಯದು ಇನ್ನೂ ಕಡಿಮೆ, ಬೆಲೆ ಇನ್ನೂ ಕೆಳಗೆ. ಕೊನೆಗೆ ಉಳಿಯುವುದು ಕೆಟ್ಟದ್ದು ಮಾತ್ರ. ಸುಳ್ಳು ಹೇಳುವವನು ಒಬ್ಬ ಗಿರಾಕಿಯನ್ನಲ್ಲ, ಸಂತೆಯನ್ನೇ ಕೆಡಿಸುತ್ತಾನೆ. ಊರ ಕೆರೆಗೆ ವಿಷ ಹಾಕಿದ ಹಾಗೆ.

ಇದಕ್ಕೆ ಮದ್ದು ಎರಡು. ಒಂದು, ಕೊಳ್ಳುವವರು ಗುರುತು ಹಿಡಿಯಲು ಕಲಿಯಬೇಕು. ಕೇಸಿನ ಅಂಚು ಸವೆದು, ಪಟ್ಟಿ ಸಿಕ್ಕಿಸುವ ಕಡೆ ಹೊಳಪು ಹೋಗಿ ಹಿತ್ತಾಳೆ ಕಾಣುತ್ತಿದ್ದರೂ ಡಯಲು ನಿನ್ನೆ ಮಾಡಿದಂತೆ ಥಳಥಳಿಸುತ್ತಿದ್ದರೆ ಅನುಮಾನಿಸಬೇಕು. ಭೂತಗನ್ನಡಿಯಲ್ಲಿ ಸಣ್ಣ ಅಕ್ಷರಗಳನ್ನು ನೋಡಬೇಕು. ಕಾರ್ಖಾನೆಯ ಅಕ್ಷರ ಕೂದಲೆಳೆಯಷ್ಟು ಸ್ಪಷ್ಟ. ಮತ್ತೆ ಮುದ್ರಿಸಿದ್ದು ಉಬ್ಬಿ, ಒಂದಕ್ಕೊಂದು ತಾಗಿ, ಸಾಲು ತಪ್ಪಿರುತ್ತದೆ. ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಎದುರಾಗಿವೆಯೇ, ಮುಳ್ಳುಗಳು ಗೆರೆಗಳಿಗೆ ಮುಟ್ಟುವಷ್ಟು ಉದ್ದ ಇವೆಯೇ, ಹಿಂಬದಿ ಬಿಚ್ಚಿದರೆ ಯಂತ್ರದ ಮೇಲೆ ಎಚ್‌ಎಂಟಿಯ ಗುರುತು ಇದೆಯೇ ನೋಡಬೇಕು. ಯಂತ್ರದ ಚಿತ್ರ ಕೊಡಲೊಲ್ಲದವನಿಂದ ಕೊಳ್ಳಬಾರದು.

ಎರಡನೆಯ ಮದ್ದು ಮಾರುವವನ ಕೈಯಲ್ಲಿದೆ. ‘ಡಯಲು ಮತ್ತೆ ಬಣ್ಣ ಹಾಕಿದ್ದು, ಮುಳ್ಳುಗಳು ಬದಲಾಗಿವೆ, ಯಂತ್ರ ಮೂಲದ್ದು’ ಎಂದು ಬರೆದರೆ ಆ ಗಡಿಯಾರಕ್ಕೆ ಬೆಲೆ ಕಡಿಮೆ ಬರುತ್ತದೆ, ನಿಜ. ಆದರೆ ಅವನ ಇನ್ನುಳಿದ ಗಡಿಯಾರಗಳ ಬೆಲೆ ಏರುತ್ತದೆ. ತಪ್ಪನ್ನು ತಾನೇ ಹೇಳುವವನ ಹೊಗಳಿಕೆಯನ್ನೂ ಜನ ನಂಬುತ್ತಾರೆ.

ಕಾನೂನಿನ ಎಲ್ಲೆಯನ್ನೂ ತಿಳಿದಿರಬೇಕು. ಐವತ್ತು, ಅರವತ್ತು ವರ್ಷದ ಕೈಗಡಿಯಾರ ಮಾರಲು ಯಾವ ಪರವಾನಗಿಯೂ ಬೇಡ. ಆದರೆ ಅದೇ ಬುಟ್ಟಿಯಲ್ಲಿ ಸಿಕ್ಕಿದ ಲೋಹದ ವಿಗ್ರಹಕ್ಕೆ ನೂರು ವರ್ಷ ತುಂಬಿದ್ದರೆ, ವಿದ್ವತ್ತಿನ ಬೆಲೆಯುಳ್ಳ ಓಲೆಗರಿಗೆ 75 ವರ್ಷ ಕಳೆದಿದ್ದರೆ, ಅವು 1972ರ ಪುರಾವಸ್ತು ಕಾಯಿದೆಯ ಕಕ್ಷೆಗೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಹೊರದೇಶಕ್ಕೆ ಕಳಿಸುವುದಂತೂ ಖಾಸಗಿಯವರಿಗೆ ನಿಷಿದ್ಧ. ಅಜ್ಜನ ಕಾಲದ ದಂತದ ಬಾಚಣಿಗೆಯನ್ನು ಮಾರುವಂತೆಯೇ ಇಲ್ಲ. ತಿಳಿಯದೆ ಮಾಡಿದೆ ಎಂಬ ಮಾತು ತಿಳಿವನ್ನೇ ಮಾರುವವನ ಬಾಯಲ್ಲಿ ಒಪ್ಪುವುದಿಲ್ಲ.

ಕೊಟ್ಟವರ ಪಾಲು

ಕಡೆಯದಾಗಿ ಒಂದು ಪ್ರಶ್ನೆ. ಇದುವರೆಗೆ ಕೊಳ್ಳುವವನಿಗೆ ಹೇಳಬೇಕಾದ ಸತ್ಯದ ಬಗ್ಗೆ ಮಾತಾಡಿದೆ. ಆದರೆ ಮೊದಲು ಮಾರಿದವರಿಗೆ ಏನು ಹೇಳಬೇಕು? ಗಂಡನನ್ನು ಕಳೆದುಕೊಂಡ ಮುದುಕಿಯೊಬ್ಬರು ಪೆಟ್ಟಿಗೆ ಖಾಲಿ ಮಾಡುತ್ತ ಗಡಿಯಾರವನ್ನು ಗುಜರಿ ಬೆಲೆಗೆ ಕೊಡುತ್ತಾರೆ. ಅದರ ಹೆಸರಿನ ಬೆಲೆ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಸುಮ್ಮನೆ ಕೊಂಡು ಬರಬಹುದೇ?

ಸಂತೆಯಲ್ಲಿ ವ್ಯಾಪಾರಿಯಿಂದ ಕೊಳ್ಳುವಾಗ ಈ ಪ್ರಶ್ನೆ ಏಳುವುದಿಲ್ಲ. ಇಬ್ಬರೂ ಕಸುಬಿನವರು, ಯಾರ ಕಣ್ಣು ಚುರುಕೋ ಲಾಭ ಅವರದು. ಮನೆಯ ಹೊಸ್ತಿಲಲ್ಲಿ ಕೊಳ್ಳುವಾಗ ಸಂಗತಿ ಬೇರೆ. ಇದಕ್ಕೆ ಬೆಲೆ ಇದೆ ಅಮ್ಮ, ಮಾರಲೇಬೇಕೇ ಒಮ್ಮೆ ಯೋಚಿಸಿ ಎಂದು ಹೇಳಿದರೆ ಕೆಲವರು ಗಡಿಯಾರ ಕೊಡುವುದಿಲ್ಲ. ಅದು ನಷ್ಟವೇ. ಕೊಟ್ಟವರು ಮಾತ್ರ ಅದು ಯಾರದು, ಯಾವಾಗ ಕೊಂಡದ್ದು, ಯಾವ ಕಾರ್ಖಾನೆಗೆ ಕಟ್ಟಿಕೊಂಡು ಹೋಗುತ್ತಿದ್ದರು ಎಂಬುದನ್ನೂ ಜೊತೆಗೆ ಕೊಡುತ್ತಾರೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಗಡಿಯಾರದ ಜೊತೆ ಕಳಿಸಿದರೆ ಕೊಂಡವನಿಗೆ ಅದಕ್ಕಿಂತ ದೊಡ್ಡ ಪುರಾವೆ ಇನ್ನೊಂದಿಲ್ಲ. ಮನೆಯವರ ಹೆಸರು ಬರೆಯುವುದಾದರೆ ಅವರನ್ನು ಕೇಳಿ ಬರೆಯಬೇಕು, ಅಷ್ಟೆ.

ಜನತಾ ಕೋಟಿಗಟ್ಟಲೆ ಕೈಗಳಿಗಾಗಿ ಮಾಡಿದ ಗಡಿಯಾರ, ಅದು ಅಪರೂಪದ್ದೇನಲ್ಲ. ನಾಲ್ಕರ ಪಕ್ಕದಲ್ಲಿ ಕಲೆ ಇದ್ದದ್ದು ಮಾತ್ರ ಒಂದೇ ಇತ್ತು. ಆದ್ದರಿಂದ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅಂಥದೊಂದು ಇದ್ದರೆ ನನ್ನ ಕೋರಿಕೆ ಇಷ್ಟೇ. ಯಂತ್ರ ತೊಳೆಸಿ, ಎಣ್ಣೆ ಹಾಕಿಸಿ, ಬೇಕಾದರೆ ಗಾಜು ಬದಲಾಯಿಸಿ. ಮಾರುವುದಾದರೆ ಮಾರಿ, ಅದರಲ್ಲಿ ಅವಮಾನವೇನೂ ಇಲ್ಲ. ಹೊಸದರ ಹಾಗೆ ಮಾಡಿಕೊಡಲೇ ಎಂದು ಯಾರಾದರೂ ಕೇಳಿದಾಗ ಮಾತ್ರ, ಹೂಂ ಎನ್ನುವ ಮೊದಲು ಮನೆಯಲ್ಲಿ ಹಿರಿಯರೊಬ್ಬರನ್ನು ಕೇಳಿ.